ಕುರ್ಚಿಯಲ್ಲಿ ನೀನೇ ಕೂರು

ಸರಸ್ವತಿಪುರಂ, ಮೈಸೂರು

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಆದ ಸುದ್ದಿಯನ್ನು ನಿಮ್ಮಪ್ಪ ಫೋನ್ ಮಾಡಿ ಹೇಳಿದರು. ತುಂಬಾ ಖುಷಿಯಾಯಿತು. ಆದರೆ ಜೊತೆಗೇ ಇನ್ನೊಂದು ಮಾತು ಬಂತು. ‘ಅವಳು ಸಹಿ ಹಾಕಿದರೆ ಸಾಕು, ಮಿಕ್ಕಿದ್ದೆಲ್ಲ ಅಳಿಯಂದಿರು ನೋಡ್ಕೋತಾರೆ’ ಅಂದರು. ಆ ಮಾತು ನನಗೆ ಹಿಡಿಸಲಿಲ್ಲ. ಅದಕ್ಕೇ ಈ ಕಾಗದ.

ಕೆ.ಎಸ್. ನಾಗರತ್ನಮ್ಮನವರ ಹೆಸರು ನೀನು ಕೇಳಿದ್ದೀಯೋ ಇಲ್ಲವೋ. ಗುಂಡ್ಲುಪೇಟೆಯ ಶಾಸಕಿ ಆಗಿದ್ದವರು. ಆ ತಾಲ್ಲೂಕು ಆಗ ನಮ್ಮ ಮೈಸೂರು ಜಿಲ್ಲೆಯಲ್ಲೇ ಇತ್ತು, ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾಗರತ್ನಮ್ಮನವರು 1957ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ಪಕ್ಷದ ಟಿಕೆಟ್ ಇಲ್ಲ, ಹೆಂಗಸರಿಗೆ ಮೀಸಲು ಕ್ಷೇತ್ರವೂ ಇಲ್ಲ. ಅದೇ ಗುಂಡ್ಲುಪೇಟೆಯ ಜನ ಅವರನ್ನು ಒಟ್ಟು 7 ಸಲ ವಿಧಾನಸಭೆಗೆ ಕಳಿಸಿದರು.

1972ರಲ್ಲಿ ಅವರು ಸ್ಪೀಕರ್ ಆದರು. ನಮ್ಮ ವಿಧಾನಸಭೆಗೆ ಮೊದಲ ಮಹಿಳಾ ಸ್ಪೀಕರ್. 1978ರವರೆಗೆ ಇದ್ದರು. ಅವರಾದ ಮೇಲೆ ಇನ್ನೊಬ್ಬ ಹೆಂಗಸು ಆ ಸ್ಥಾನಕ್ಕೆ ಬಂದೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅವು ಸುಮ್ನೆ ಕಳೆದುಹೋದ ವರ್ಷಗಳಲ್ಲ ಕಣೇ. ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ಗೇಣಿ ಮಾಡುತ್ತಿದ್ದವರು ಜಮೀನಿಗೆ ಅರ್ಜಿ ಹಾಕಿದರು. ಜಮೀನು ಕಳೆದುಕೊಳ್ಳುವವರೂ ಪಡೆಯುವವರೂ ಒಂದೇ ಊರಿನವರು. ಅಂಥ ಕಾಲದಲ್ಲಿ ಸದನ ನಡೆಸುವುದು ಎಷ್ಟು ಕಷ್ಟ, ನೀನೇ ಯೋಚಿಸು. ಸ್ಪೀಕರ್ ಆದವರು ಚರ್ಚೆಯಲ್ಲಿ ಯಾರ ಪರವೂ ವಹಿಸುವಂತಿಲ್ಲ. ಎರಡೂ ಕಡೆ ಮತ ಸಮವಾದರೆ ಮಾತ್ರ ಅವರ ಮತ. ಯಾರು ಮಾತಾಡಬೇಕು, ಎಷ್ಟು ಹೊತ್ತು, ಯಾವುದು ನಿಯಮದೊಳಗೆ ಬರುತ್ತದೆ, ಇವಿಷ್ಟೇ ಅವರ ಕೈಯಲ್ಲಿ. ಅಂದರೆ ನಿಯಮ ಗೊತ್ತಿಲ್ಲದವರು ಅಲ್ಲಿ ಒಂದು ದಿನವೂ ಕೂರಲಾಗದು.

ನಿನಗೂ ಅದೇ ಹೇಳುವುದು. ಪಂಚಾಯತ್ ರಾಜ್ ಕಾಯ್ದೆ ಓದು. ಕಾನೂನಿನ ಭಾಷೆ ಒಂದೇ ಸಲಕ್ಕೆ ಅರ್ಥವಾಗುವುದಿಲ್ಲ, ನಿಮ್ಮ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನು ಕೇಳು. ಕೇಳಿದರೆ ಚಿಕ್ಕವಳಾಗುವುದಿಲ್ಲ. ನಡಾವಳಿ ಪುಸ್ತಕ ಮನೆಗೆ ಬರಬಾರದು. ಖಾಲಿ ಹಾಳೆಗೆ, ಓದದ ಚೆಕ್‌ಗೆ ಸಹಿ ಹಾಕಬೇಡ, ಮುಂದಿಟ್ಟವರು ಯಾರೇ ಆಗಿರಲಿ. ನಾಳೆ ಲೆಕ್ಕ ತಪ್ಪಿದರೆ ನೋಟಿಸ್ ಬರುವುದು ನಿನ್ನ ಹೆಸರಿಗೆ. ನಿನ್ನ ಗಂಡ ಒಳ್ಳೆಯವರು, ಅದು ನನಗೆ ಗೊತ್ತು. ಮನೆಯಲ್ಲಿ ಅವರ ಸಲಹೆ ಕೇಳು. ಸಭೆ ನಡೆಯುವಾಗ ಮಾತ್ರ ಒಳಗೆ ಬರಬೇಡಿ ಅಂತ ಮೊದಲ ದಿನವೇ ಸಮಾಧಾನವಾಗಿ ಹೇಳಿಬಿಡು. ಆರು ತಿಂಗಳು ಕಳೆದ ಮೇಲೆ ಹೇಳಿದರೆ ಜಗಳವಾಗುತ್ತದೆ.

‘ಮೀಸಲಾತಿಯಲ್ಲಿ ಬಂದವಳು’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅನ್ನಲಿ ಬಿಡು. 1987ರ ಚುನಾವಣೆಯಲ್ಲಿ ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಸಿಕ್ಕಿತು, ಈಗ ಶೇ. 50. ಮೀಸಲು ಇಲ್ಲದ ಕಡೆ ಏನಾಗಿದೆ ನೋಡು. 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10 ಜನ.

ಇನ್ನೊಂದು ವಿಷಯ. ನಾಗರತ್ನಮ್ಮನವರು 1978ರ ಚುನಾವಣೆಯಲ್ಲಿ ಸೋತರು. ಆರು ವರ್ಷ ಸ್ಪೀಕರ್ ಆಗಿದ್ದವರು. ಆದರೂ 1983ರಲ್ಲಿ ಮತ್ತೆ ಗೆದ್ದು ಬಂದರು, ಆಮೇಲೆ ವಿರೋಧ ಪಕ್ಷದ ನಾಯಕಿಯಾದರು. ಅದರಲ್ಲೂ ಅವರೇ ಮೊದಲಿಗರು. ಎಲ್ಲರಿಗೂ ಸಮಯ ಹಂಚಿಕೊಡುತ್ತಿದ್ದವರು ಈಗ ಎದುರಿನ ಸಾಲಿನಲ್ಲಿ ನಿಂತು ಸರ್ಕಾರವನ್ನು ಪ್ರಶ್ನೆ ಮಾಡಿದರು. ಅವರ ಬದುಕಿನಲ್ಲಿ ನನಗೆ ಸ್ಪೀಕರ್ ಪದವಿಗಿಂತ ಜಾಸ್ತಿ ಹಿಡಿಸುವುದು ಈ ಭಾಗ. ಕುರ್ಚಿ ಬಿಡುವುದಕ್ಕೂ ಗಟ್ಟಿತನ ಬೇಕು. ಹಿಂದೆ ನಮ್ಮ ರಾಜ್ಯದ ಮಂತ್ರಿಯಾಗಿದ್ದ ಯಶೋಧರಮ್ಮ ದಾಸಪ್ಪನವರು ಪಾನನಿಷೇಧ ಸಡಿಲಿಸಿದ್ದನ್ನು ಒಪ್ಪದೆ ಆ ಪದವಿಗೇ ರಾಜೀನಾಮೆ ಕೊಟ್ಟಿದ್ದರು.

ಮೊದಲ ಕೆಲಸ ಯಾವುದು ಮಾಡಲಿ ಅಂತ ಕೇಳಿದ್ದೆಯಂತೆ. ಮಹಿಳಾ ಗ್ರಾಮಸಭೆ ಕರಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ ಮುಗಿಸುವ ಸಭೆ ಬೇಡ. ಕಬ್ಬಿನ ಗದ್ದೆ ಕೆಲಸದಿಂದ ಹೆಂಗಸರು ವಾಪಸ್ ಬರುವ ಹೊತ್ತು ನೋಡಿ ಸಮಯ ಇಡು. ನೀರುಗಂಟಿಯನ್ನೂ ಕೂರಿಸು, ಯಾವ ಬೀದಿಗೆ ನೀರು ಹೋಗುತ್ತಿಲ್ಲ ಅಂತ ಅವನ ಎದುರಿಗೇ ಹೇಳಲಿ. ಮೂಲೆಯಲ್ಲಿ ಕೂತವರನ್ನು ಹೆಸರು ಹಿಡಿದು ಮಾತಾಡಿಸು.

ಕಾಯ್ದೆಯ ಕನ್ನಡ ಪುಸ್ತಕ ಒಂದು ತರಿಸಿ ಇಟ್ಟಿದ್ದೇನೆ. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಒಂದು ಭಾನುವಾರ ಬಾ. ಸಂಜೆವರೆಗೆ ಕೂತು ಅಧ್ಯಕ್ಷರ ಅಧಿಕಾರದ ಭಾಗವನ್ನಾದರೂ ಇಬ್ಬರೂ ಓದಿ ಮುಗಿಸೋಣ.

ಇಂತಿ,
ನಿನ್ನ ದೊಡ್ಡಮ್ಮ