ಪರೀಕ್ಷೆಯಲ್ಲಿ ಮರೆತದ್ದು ಬಸ್ಸಿನಲ್ಲಿ ನೆನಪಾದದ್ದು ಯಾಕೆ? ಮಗಳಿಗೊಂದು ಪತ್ರ

ಪೆರ್ಲ, ಕಾಸರಗೋಡು

ಪ್ರೀತಿಯ ಮಗಳೇ,

"ಅಮ್ಮಾ, ಓದಿದ್ದೆಲ್ಲ ಹೋಯಿತು, ನನ್ನ ತಲೆಗೆ ಏನೂ ಹತ್ತುವುದಿಲ್ಲ" ಎಂದು ಮೊನ್ನೆ ಫೋನಿನಲ್ಲಿ ಅತ್ತೆಯಲ್ಲ, ಆಮೇಲೆ ನನಗೆ ಸರಿಯಾಗಿ ನಿದ್ದೆಯಿಲ್ಲ. ಆದರೆ ನೀನೇ ಇನ್ನೊಂದು ಮಾತು ಹೇಳಿದೆ. ಸಂಜೆ ಬಸ್ಸಿನಲ್ಲಿ ಕೂತಾಗ ಆ ಉತ್ತರಗಳೆಲ್ಲ ಒಂದೊಂದಾಗಿ ನೆನಪಾದವು ಅಂತ. ಹಾಗಾದರೆ ಓದಿದ್ದು ಎಲ್ಲಿಗೂ ಹೋಗಿರಲಿಲ್ಲ, ಅಲ್ವಾ?

ಹೆದರಿಕೆಯಾದರೆ ಮೂತ್ರಪಿಂಡಗಳ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಮೊದಲು ಅಡ್ರಿನಲಿನ್ ಅನ್ನುವ ಹಾರ್ಮೋನು ಬರುತ್ತದೆ. ಎದೆ ಡಬಡಬ ಅನ್ನುವುದು ಅದರಿಂದ. ಅಲ್ಲಿಂದಲೇ ಬರುವ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ಸ್ವಲ್ಪ ನಿಧಾನ, ಅದು ಏರಲು 20-30 ನಿಮಿಷ ಬೇಕು. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗವಿದೆ, ನೆನಪು ಕಟ್ಟುವುದಕ್ಕೂ ಹುಡುಕಿ ತೆಗೆಯುವುದಕ್ಕೂ ಅದು ಬೇಕೇ ಬೇಕು. ಕಾರ್ಟಿಸಾಲ್ ಅಲ್ಲಿಗೆ ಹೋಗಿ ಹುಡುಕುವ ಕೆಲಸಕ್ಕೆ ಅಡ್ಡ ಬರುತ್ತದೆ. ಸಂಜೆ ಹೆದರಿಕೆ ಇಳಿದಾಗ ಆ ಅಡ್ಡಿಯೂ ಹೋಯಿತು, ಅದಕ್ಕೇ ಬಸ್ಸಿನಲ್ಲಿ ನೆನಪಾದದ್ದು.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ತೋಟದಲ್ಲಿ ಅಡಿಕೆ ಹೆಕ್ಕುವಾಗ ನಾಗರಹಾವು ಹೆಡೆ ಎತ್ತಿತ್ತು. ಯಾವ ಮರದ ಬುಡ, ಯಾವ ಹಾಳೆಯ ಪಕ್ಕ ಅಂತ ಇವತ್ತಿಗೂ ಹೇಳುತ್ತೀಯಲ್ಲ, ಅದನ್ನು ಅಷ್ಟು ಗಟ್ಟಿಯಾಗಿ ಉಳಿಸಿದ್ದೂ ಇವೇ ಹಾರ್ಮೋನುಗಳು! ಆಗ ನಡೆಯುತ್ತಿರುವುದನ್ನು ಅಚ್ಚೊತ್ತುತ್ತವೆ, ಮೊದಲೇ ಕಲಿತದ್ದನ್ನು ಹೊರಗೆ ಬರಲು ಬಿಡುವುದಿಲ್ಲ. ನಿನ್ನ ತಲೆಯಲ್ಲಿ ದೋಷವಿಲ್ಲ ಮಗಳೇ.

ನನಗೆ ಚಿಂತೆ ಬೇರೆ. ಈಗ ನೀನು ಆ ಪುಸ್ತಕವನ್ನೇ ತೆರೆಯದೆ ಮೊಬೈಲ್ ಹಿಡಿದು ಕೂರುತ್ತೀಯಂತೆ. ಪುಸ್ತಕ ಮುಚ್ಚಿದ ಕೂಡಲೇ ಹಗುರ ಅನಿಸುತ್ತದೆ, ಆ ಹಗುರಕ್ಕೆ ಮನಸ್ಸು ಒಗ್ಗಿ ಮರುದಿನವೂ ಮುಚ್ಚಿಸುತ್ತದೆ, ಹೆದರಿಕೆ ಮಾತ್ರ ಇದ್ದಲ್ಲೇ ಬೆಳೆಯುತ್ತದೆ. ನನಗೂ ಹೀಗಾಗಿದೆ. ಒಮ್ಮೆ ಮಲಯಾಳದಲ್ಲಿ ಒಂದು ಕಾಗದ ಬಂತು. ಓದಲು ಬಾರದೆ, ಏನು ಗ್ರಹಚಾರವೋ ಎಂದು ಹೆದರಿ ವಾರಗಟ್ಟಲೆ ಪೆಟ್ಟಿಗೆಯಲ್ಲಿಟ್ಟೆ. ಕೊನೆಗೆ ಪಕ್ಕದ ಮನೆಯವರ ಹತ್ತಿರ ಓದಿಸಿದರೆ ಒಂದು ಸಹಿ ಬೇಕಿತ್ತು, ಅಷ್ಟೇ.

2016ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದ್ದರು. ಪಾಠವನ್ನು ಸುಮ್ನೆ ಮತ್ತೆ ಮತ್ತೆ ಓದಿದವರು ಒತ್ತಡ ಬಂದಾಗ ಜಾಸ್ತಿ ಮರೆತರು. ನೋಡದೆ ನೆನಪಿಸಿಕೊಂಡು ಅಭ್ಯಾಸ ಮಾಡಿದವರಿಗೆ ಒತ್ತಡದಲ್ಲೂ ನೆನಪು ಉಳಿಯಿತು. ನೀನು ಗೆರೆ ಎಳೆದು ಹತ್ತು ಸಲ ಓದುವವಳು. ಇನ್ನು ಒಂದು ಸಲ ಓದು, ಮುಚ್ಚು, ಬರೆ, ತಪ್ಪಿದ್ದನ್ನು ನೋಡು. ರಾತ್ರಿಯಿಡೀ ಕೂರಬೇಡ, ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ.

ಶನಿವಾರ ಬಾ. ಅಡಿಕೆ ಒಣಗಿದೆ, ನಾನು ಸುಲಿಯುತ್ತಾ ಕೂರುತ್ತೇನೆ. ನೀನು ಪುಸ್ತಕ ನನ್ನ ಮಡಿಲಲ್ಲಿಟ್ಟು ಪಾಠ ಹೇಳು. ತಪ್ಪಿದರೆ ತಪ್ಪಲಿ, ಅಲ್ಲಿ ಮಾರ್ಕು ಹಾಕುವವರು ಯಾರೂ ಇಲ್ಲ.

ನಿನ್ನ ಅಮ್ಮ