ಅಟ್ಮಾಸ್ ಬಂತೆಂದು ಹಳೇ ಸ್ಪೀಕರ್ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಹಬ್ಬ ಬಂತೆಂದರೆ ಪತ್ರಿಕೆ ತುಂಬ ಟಿವಿ, ಸೌಂಡ್‌ಬಾರ್ ಜಾಹೀರಾತು. ಅದಕ್ಕೆ ನನ್ನ ತಕರಾರಿಲ್ಲ, ಪತ್ರಿಕೆಯೂ ನಡೆಯಬೇಕಲ್ವಾ. ಆದರೆ ಅದನ್ನು ನೋಡಿ ಅಂಗಡಿಗೆ ಹೋದವರಿಗೆ ಅಲ್ಲಿ ಸಿಗುವ ಉಪದೇಶ ಮಾತ್ರ ಸರಿಯಿಲ್ಲ. "ನಿಮ್ಮ 5.1 ಸೆಟ್ ಹಳೇ ಕಾಲದ್ದು ಸಾರ್, ಈಗೆಲ್ಲ ಅಟ್ಮಾಸ್, ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ" ಅಂತಾರೆ. 5.1 ಅಂದರೆ ಸುತ್ತ ಐದು ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್; ಅಟ್ಮಾಸ್ ಅಂದರೆ ಸದ್ದು ತಲೆಯ ಮೇಲಿನಿಂದಲೂ ಬರುವಂತೆ ಮಾಡುವ ಡಾಲ್ಬಿ ಕಂಪನಿಯ ತಂತ್ರ. ಚೆನ್ನಾಗಿ ಕೆಲಸ ಮಾಡುತ್ತಿದ್ದ ರಿಸೀವರ್ (ಸದ್ದಿನ ಸಿಗ್ನಲ್ ಬಿಡಿಸಿ ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್ ಡಬ್ಬ), ಮರದ ಡಬ್ಬದ ಸ್ಪೀಕರ್‌ಗಳನ್ನು ಪುಡಿಗಾಸಿಗೆ ಕೊಟ್ಟು, ಟಿವಿ ಕೆಳಗೆ ಇಡುವ ಒಂದು ಪ್ಲಾಸ್ಟಿಕ್ ಬಾರ್ ತಂದವರು ನಮ್ಮ ಕಡೆ ಒಬ್ಬಿಬ್ಬರಲ್ಲ.

ಡಾಲ್ಬಿ, ಡಿಟಿಎಸ್ ಅನ್ನುವುದು ಸಿನಿಮಾದ ಸದ್ದನ್ನು ತುಂಬಿಡುವ ಎರಡು ಕಂಪನಿಗಳ ಫಾರ್ಮ್ಯಾಟ್‌ಗಳು. ಸ್ಪೀಕರ್‌ಗೆ ಡಾಲ್ಬಿಯೂ ಗೊತ್ತಿಲ್ಲ, ಡಿಟಿಎಸ್ಸೂ ಗೊತ್ತಿಲ್ಲ. ಆಂಪ್ಲಿಫೈಯರ್ ಏನು ಕಳಿಸುತ್ತದೋ ಅದನ್ನು ಕೇಳಿಸುವುದಷ್ಟೇ ಅದರ ಕೆಲಸ. ಫಾರ್ಮ್ಯಾಟ್ ಬಿಡಿಸುವುದು ರಿಸೀವರ್ ಒಳಗಿನ ಚಿಪ್. ಹಳತಾಗುವುದು ಆ ಚಿಪ್ಪು, ಮತ್ತೆ ಹಿಂಬದಿಯ ಸಾಕೆಟ್ಟುಗಳು. 30 ವರ್ಷದ ಸ್ಪೀಕರನ್ನು ಇವತ್ತಿನ ಅಟ್ಮಾಸ್ ರಿಸೀವರ್‌ಗೆ ಜೋಡಿಸಿದರೂ ನಡೆಯುತ್ತದೆ, ಸ್ಪೀಕರಿನ ಓಮ್ ಲೆಕ್ಕ (ವಿದ್ಯುತ್ ತಡೆ) ರಿಸೀವರ್‌ಗೆ ಹೊಂದಿದರೆ ಸಾಕು. ಸ್ಪೀಕರಿನೊಳಗೆ ಅದುರುವ ಕೋನಿನ ಅಂಚಿನ ಫೋಮ್ ಪುಡಿಯಾಗಿದ್ದರೆ ಅದಷ್ಟನ್ನೇ ಬದಲಾಯಿಸಬಹುದು.

ಹೊಸ ಹೆಸರು ಬರುವುದಂತೂ ನಿಲ್ಲುವುದಿಲ್ಲ. 1992ರಲ್ಲಿ ಡಾಲ್ಬಿ ಡಿಜಿಟಲ್ ಥಿಯೇಟರಿಗೆ ಬಂತು, ಮರುವರ್ಷವೇ ಡಿಟಿಎಸ್. 2006ರಲ್ಲಿ ಬ್ಲೂ-ರೇ ಡಿಸ್ಕಿನ ಹಿಂದೆಯೇ ಇನ್ನೂ ಒಳ್ಳೆಯ ಗುಣಮಟ್ಟದ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಬಂದವು. ಅಟ್ಮಾಸ್ 2012ರಲ್ಲಿ ಥಿಯೇಟರಿಗೆ, 2014ರಲ್ಲಿ ಮನೆಗೆ. 2015ರಲ್ಲಿ ಡಿಟಿಎಸ್:ಎಕ್ಸ್. 2025ರ ಜನವರಿಯಲ್ಲಿ ಗೂಗಲ್, ಸ್ಯಾಮ್‌ಸಂಗ್ ಸೇರಿ ಎಕ್ಲಿಪ್ಸಾ ಆಡಿಯೊ ಅಂತ ಇನ್ನೊಂದನ್ನು ತೋರಿಸಿದರು. ಪ್ರತಿ ಸಲ ಸೆಟ್ ಬದಲಾಯಿಸುತ್ತ ಹೋದರೆ ಒಂದರ ಇಎಂಐ ತೀರುವುದರೊಳಗೆ ಇನ್ನೊಂದು ಬಂದಿರುತ್ತದೆ.

ಅಂಗಡಿಯವರು ಹೇಳದ ಮಾತೊಂದಿದೆ. ಅಟ್ಮಾಸ್ ಸಿನಿಮಾ ಹಾಕಿದರೆ ಹಳೇ 5.1 ಸೆಟ್ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ, ಅದೇ ಸಿನಿಮಾ 5.1 ಆಗಿ ಕೇಳಿಸುತ್ತದೆ. ರಿಸೀವರ್ 4ಕೆ ಚಿತ್ರ ದಾಟಿಸುವುದಿಲ್ಲವೇ? ಸೆಟ್‌ಟಾಪ್ ಬಾಕ್ಸನ್ನು ನೇರ ಟಿವಿಗೆ ಕೊಡಿ, ಟಿವಿಯಿಂದ ರಿಸೀವರ್‌ಗೆ ಒಂದು ಆಪ್ಟಿಕಲ್ ಕೇಬಲ್ ಎಳೆಯಿರಿ. ಬ್ಲೂ-ರೇ ಪ್ಲೇಯರ್ ಇದ್ದು, ರಿಸೀವರ್ ಎಚ್‌ಡಿಎಂಐನಲ್ಲಿ ಪಿಸಿಎಂ (ಮೊದಲೇ ಬಿಡಿಸಿದ ಡಿಜಿಟಲ್ ಸದ್ದು) ತೆಗೆದುಕೊಳ್ಳುವಂಥದ್ದಾದರೆ ಟ್ರೂಎಚ್‌ಡಿಯನ್ನು ಪ್ಲೇಯರೇ ಬಿಡಿಸಿ ಕೊಡುತ್ತದೆ. ರಿಸೀವರಿನ ಮುಂಭಾಗದಲ್ಲಿ ಡಾಲ್ಬಿ ಅಂತ ಲೈಟ್ ಹತ್ತುವುದಿಲ್ಲ, ಅಷ್ಟೇ. ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ವಾಪಸ್ ಕಳಿಸುವ ಸೌಲಭ್ಯಕ್ಕೆ ಆರ್ಕ್ ಅಂತಾರೆ, ಅದರ ಹೊಸ ರೂಪ ಇಆರ್ಕ್. ಇನ್ನು ಇಆರ್ಕ್ ಇಲ್ಲದಿದ್ದರೆ ಅಟ್ಮಾಸ್ ಬರುವುದೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಓಟಿಟಿಯ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಹಗುರ ಫಾರ್ಮ್ಯಾಟ್ ಒಳಗೆ, ಟಿವಿ ಅದನ್ನು ದಾಟಿಸುವಂತಿದ್ದರೆ ಹಳೇ ಆರ್ಕ್ ಸಾಕು. ಟಿವಿ ದಾರಿಯಲ್ಲಿ ಡಿಸ್ಕಿನ ಟ್ರೂಎಚ್‌ಡಿ ಬೇಕೆಂದರೆ ಇಆರ್ಕ್ ಬೇಕೇ ಬೇಕು. ನಮ್ಮಲ್ಲಿ ಡಿಸ್ಕ್ ಕೊಳ್ಳುವವರು ಎಷ್ಟು ಜನ ಉಳಿದಿದ್ದಾರೆ ಹೇಳಿ.

ತಮಾಷೆ ಏನೆಂದರೆ ಕೆಲವೊಮ್ಮೆ ಹಿಂದೆ ಬಿದ್ದಿರುವುದು ಹೊಸ ಟಿವಿಯೇ. ಸ್ಯಾಮ್‌ಸಂಗ್ 2018ರಿಂದ ಟಿವಿಗಳಲ್ಲಿ ಡಿಟಿಎಸ್ ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಬಿಟ್ಟು, 2023ರಲ್ಲಿ ಕೆಲವು ಮಾಡೆಲ್‌ಗಳಲ್ಲಿ ವಾಪಸ್ ತಂದಿತು. ಅಂಥ ಟಿವಿಗೆ ಪೆನ್‌ಡ್ರೈವ್ ಹಾಕಿ ಡಿಟಿಎಸ್ ಸಿನಿಮಾ ಹಚ್ಚಿದರೆ ಚಿತ್ರ ಬರುತ್ತದೆ, ಸದ್ದಿಲ್ಲ. ಮೂಲೆಯ ಹಳೇ ರಿಸೀವರ್‌ಗೆ ಅದೆಲ್ಲ ಸಲೀಸು, ಪೆನ್‌ಡ್ರೈವ್ ಹಾಕುವ ಪ್ಲೇಯರನ್ನು ನೇರವಾಗಿ ಅದಕ್ಕೇ ಕೊಟ್ಟರಾಯಿತು.

ಇನ್ನು ನಮ್ಮ ಮಲೆನಾಡು, ಕರಾವಳಿಯ ಹಂಚಿನ ಮನೆಗಳು. ಮೇಲ್ಮುಖ ಮಾಡಿಟ್ಟ ಅಟ್ಮಾಸ್ ಸ್ಪೀಕರ್ ಸದ್ದನ್ನು ಸೀಲಿಂಗ್‌ಗೆ ಹೊಡೆದು ಅಲ್ಲಿಂದ ನಮ್ಮ ಕಿವಿಗೆ ಬೀಳಿಸಬೇಕು, ಅದಕ್ಕೆ ಸಮತಟ್ಟಾದ, ಗಟ್ಟಿಯಾದ, ತೀರಾ ಎತ್ತರವಲ್ಲದ ಸೀಲಿಂಗ್ ಇರಬೇಕು. ಇಳಿಜಾರು ಹಂಚಿಗೆ ಹೊಡೆದರೆ ಸದ್ದು ಎತ್ತಲೋ ಹೋಗುತ್ತದೆ, ಮಳೆಗಾಲದಲ್ಲಂತೂ ಮೇಲಿನಿಂದ ಬರುವ ಸದ್ದಿಗೆ ಸ್ಪೀಕರೇ ಬೇಡ ಬಿಡಿ. ಅಂಥ ಮನೆಗೆ ನಿಜವಾಗಿಯೂ ಅಟ್ಮಾಸ್ ಬೇಕಿದ್ದರೆ ತೊಲೆಗೆ ಎರಡು ಚಿಕ್ಕ ಸ್ಪೀಕರ್ ಕಟ್ಟುವುದೇ ವಾಸಿ. ಮನೆಯ ರೂಫ್ ಹೇಗಿದೆ ಅಂತ ಯಾವ ಅಂಗಡಿಯಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ.

ಸೌಂಡ್‌ಬಾರ್ ಕೊಳ್ಳಲೇಬಾರದು ಅಂತಲ್ಲ. ಬರೀ ಟಿವಿಯ ಸ್ಪೀಕರಿನಲ್ಲಿ ಕೇಳುವವರಿಗೆ ಅದು ಎಷ್ಟೋ ಮೇಲು. ರಿಸೀವರ್‌ಗೆ ಎಚ್‌ಡಿಎಂಐ ಇಲ್ಲವೆಂದರೆ, ಮೇಲೆ ಸ್ಪೀಕರ್ ಕಟ್ಟುವ ಮನಸ್ಸೂ ಇದ್ದರೆ ಹೊಸದು ತನ್ನಿ, ಆದರೆ ರಿಸೀವರ್ ಮಾತ್ರ ತನ್ನಿ. ಡಬ್ಬದ ಮೇಲಿನ ಅಂಕಿ ನೋಡಿ. 5.1.2 ಅಂದರೆ ಸುತ್ತ ಐದು, ಒಂದು ಸಬ್‌ವೂಫರ್, ಎತ್ತರದ ಸದ್ದಿಗೆ ಎರಡು. ಮೂರನೇ ಅಂಕಿಯೇ ಇಲ್ಲದ 2.1 ಬಾರಿನ ಮೇಲೂ ಅಟ್ಮಾಸ್ ಅಂತ ದಪ್ಪಗೆ ಬರೆದಿರುತ್ತಾರೆ, ಅಲ್ಲಿ ಎತ್ತರದ ಸದ್ದು ಬರೀ ಸಾಫ್ಟ್‌ವೇರ್ ಮಾಡುವ ಭ್ರಮೆ. ಹಿಂದೆ ಅಂಗೈಯಗಲದ ಸ್ಪೀಕರ್ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ (ಉಬ್ಬಿಸಿ ಹೇಳುವ ಕ್ಷಣಮಾತ್ರದ ಶಕ್ತಿ) ಅಂತ ಚೀಟಿ ಅಂಟಿಸುತ್ತಿದ್ದರಲ್ಲ, ಅದರ ತಮ್ಮ ಇದು.

ಹಾಗಾಗಿ ನಿಮ್ಮಲ್ಲಿ ಒಂದೇ ಕೋರಿಕೆ. ಇಂಥ ಜಾಹೀರಾತು ತೆಗೆದುಕೊಳ್ಳುವಾಗ ರಿಯಾಯಿತಿಯ ಅಂಕಿ ಎಷ್ಟು ದಪ್ಪವಿದೆಯೋ ಅಷ್ಟೇ ದಪ್ಪಕ್ಕೆ 2.1 ಅಥವಾ 5.1.2 ಅಂತಲೂ ಹಾಕಿಸಿ. ಆರ್ಕೋ ಇಆರ್ಕೋ, ಡಿಟಿಎಸ್ ಇದೆಯೋ ಇಲ್ಲವೋ ಅನ್ನುವುದು ಅದರ ಕೆಳಗೆ ಒಂದು ಸಾಲಿನಲ್ಲಿ ಬಂದರೂ ಆಗುತ್ತದೆ.

— ಓದುಗ, ತೀರ್ಥಹಳ್ಳಿ