ಗಾಳಿಬೀಡಿನ ಗೇಟಿನ ಬಳಿ ನೀನು ಕೇಳಿದ್ದು

ಸೋಮವಾರಪೇಟೆ

ಪ್ರೀತಿಯ ಮಗಳಿಗೆ,

ಡಾಕ್ಟರಾಗುವುದನ್ನು ಬಿಟ್ಟು ನೀನು ಗಣಿತ ಓದಲು ಹೊರಟ ಬಗ್ಗೆ ಮೊನ್ನೆ ರಾತ್ರಿ ಊಟದ ಹೊತ್ತಿನಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನೀನು ಬೆಳಗಿನ ಬಸ್ಸಿಗೆ ಹೊರಟಾಗ ನಾನು ತೋಟದಲ್ಲಿದ್ದೆ. ಈ ಮಳೆಯಲ್ಲಿ ಅಲ್ಲಿ ಕೆಲಸವೇನೂ ಇರಲಿಲ್ಲ, ಬೇಕೆಂದೇ ಹೋಗಿದ್ದೆ.

2018ರಲ್ಲಿ ನಿನ್ನನ್ನು ಮಡಿಕೇರಿ ಬಳಿಯ ನವೋದಯ ವಸತಿ ಶಾಲೆಗೆ ಬಿಟ್ಟುಬಂದ ದಿನ ಎರಡು ರಾತ್ರಿಗಳಿಂದ ನನ್ನನ್ನು ಕಾಡುತ್ತಿದೆ. ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳಿಗೆ ಸಿಗುವ ಸೀಟು ನಮ್ಮ ಮನೆಗೆ ಬಂದಿತ್ತು. ಗಾಳಿಬೀಡಿನಲ್ಲಿ ಜಡಿಮಳೆ. ಗೇಟಿನವರೆಗೆ ಬಂದ ನೀನು, "ಅಪ್ಪಾ, ದಸರಾ ರಜೆಗೆ ಇನ್ನೆಷ್ಟು ದಿನ?" ಎಂದು ಕೇಳಿದೆ. "ನೀನೇ ಲೆಕ್ಕ ಹಾಕು" ಎಂದೆ. ನೀನು ಕ್ಷಣದಲ್ಲೇ ಹೇಳಿದ ಸಂಖ್ಯೆಯನ್ನು ನಾನು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ. ಉತ್ತರ ಗೊತ್ತಿದ್ದ ಮಗು ಪ್ರಶ್ನೆಯನ್ನೇಕೆ ಕೇಳಿತು ಎಂಬುದು ಮನೆ ಮುಟ್ಟಿದ ಮೇಲೂ ನನಗೆ ಹೊಳೆಯಲಿಲ್ಲ. ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡಗಳು ಕುಸಿದು ಮಡಿಕೇರಿ ರಸ್ತೆ ಮುಚ್ಚಿಹೋದಾಗ ಹೊಳೆಯಿತು. ಫೋನೂ ಸಿಗದ ಆ ರಾತ್ರಿ ನಾನು ಕುಳಿತು ಎಣಿಸಿದ್ದು ಅದೇ ದಿನಗಳನ್ನು.

ಮಣ್ಣನ್ನು ನಂಬಿದ ಬದುಕು ನಿನಗೆ ಬೇಡ, ನೀನು ಡಾಕ್ಟರಾಗಬೇಕು ಎಂದು ನಿರ್ಧರಿಸಿದ್ದು ಆಗಲೇ. ನಿನ್ನನ್ನು ಕೇಳಲಿಲ್ಲ. ಪ್ರಾದೇಶಿಕ ಗಣಿತ ಒಲಿಂಪಿಯಾಡಿನಲ್ಲಿ ಮೂರು ಗಂಟೆಗೆ ಆರೇ ಪ್ರಶ್ನೆ. ಬಿಡಿಸಲಾಗದೆ ಉಳಿದ ಒಂದನ್ನು ನೀನು ವಾರವಿಡೀ ಹಿಡಿದು ಕುಳಿತಾಗ ಸಮಯ ಹಾಳೆಂದು ಗದರಿದೆ. ಮೂರು ಗಂಟೆಯಲ್ಲಿ 180 ಪ್ರಶ್ನೆ ಕೇಳುವ, ಗಣಿತದ ಒಂದು ಪ್ರಶ್ನೆಯೂ ಇಲ್ಲದ ನೀಟ್ ಪರೀಕ್ಷೆಗೆ ಅಂಥ ಹುಡುಗಿಯನ್ನು ಮತ್ತೊಂದು ವರ್ಷ ಕೂರಿಸಲು ಹೊರಟವನು ನಾನು. ಹಾಗೆಂದು ನನ್ನ ಭಯ ಸುಳ್ಳೆಂದು ಒಪ್ಪಿಕೊಳ್ಳಲಾರೆ. ಗಣಿತ ಓದಿದವರು ಮುಂದೆ ಏನು ಮಾಡುತ್ತಾರೆ ಎಂಬುದು ನನಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ.

ನೀನು ಗಣಿತ ಓದಲು ಸೇರುತ್ತಿರುವ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬರುವವರೆಲ್ಲರೂ ಅವರವರ ಊರಿನಲ್ಲಿ ಮೊದಲಿಗರೇ ಎಂಬುದನ್ನು ನೆನಪಿಡು. ಅಲ್ಲಿ ಹಿಂದೆ ಬಿದ್ದರೆ ಬುದ್ಧಿ ಕಡಿಮೆಯಾಯಿತೆಂದು ತಿಳಿಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿಯಿಡೀ ಎಚ್ಚರವಿರಬೇಡ, ಜ್ವರ ಬಂದರೆ ಮುಚ್ಚಿಡಬೇಡ. ಅರ್ಥವಾಗದಿದ್ದರೆ ಕೇಳು. ಕೇಳುವ ಅಭ್ಯಾಸ ನಿನಗಿಲ್ಲ (ಕೇಳಿದಾಗ ನಾನೇನು ಹೇಳಿದೆ ಎಂಬುದನ್ನು ಮೇಲೆಯೇ ಬರೆದಿದ್ದೇನೆ). ನೀನು ಅಲ್ಲಿಗೆ ಆಯ್ಕೆಯಾದದ್ದನ್ನು ಊರಿನಲ್ಲಿ ನಾಲ್ಕು ಜನರಿಗಾದರೂ ಹೇಳಿದ್ದೇನೆ, ನಿನಗೆ ಮಾತ್ರ ಸಂತೋಷವಾಯಿತೆಂದು ಹೇಳಿರಲಿಲ್ಲ.

ಕಾಳುಮೆಣಸು ಮಾರಿದ ಹಣದಲ್ಲಿ ಸ್ವಲ್ಪವನ್ನು ನಿನ್ನ ಖಾತೆಗೆ ಹಾಕಿದ್ದೇನೆ. ಕೋಚಿಂಗಿಗೆಂದು ನಿನಗೆ ಹೇಳದೆ ಕಟ್ಟಿದ್ದ ಮುಂಗಡ ಹಿಂದಿರುಗಿ ಬರುವುದಿಲ್ಲವಂತೆ. ಅದನ್ನು ಅಮ್ಮನಿಗೆ ಸದ್ಯಕ್ಕೆ ತಿಳಿಸಬೇಡ.

ಇಂತು ನಿನ್ನ
ಅಪ್ಪ